ಮೂರು ಮಿಲಿಮೀಟರ್

ಹೋಟೆಲಿನಿಂದ ಬಂದ ಲಕೋಟೆಯಲ್ಲಿ ಹನ್ನೆರಡು ಹಳೆಯ ಕಾರ್ಡು,
ಜೊತೆಗೊಂದು ಚೀಟಿ:
ಬಿಳಿ ಮೌಂಟು, ಕರಿ ಚೌಕಟ್ಟು, ಕಲೆ ಬರಹ ಏನೂ ಕಾಣಕೂಡದು,
ಗುರುವಾರ ಪ್ರವಾಸಿ ಹಡಗು ಬರುವುದರೊಳಗೆ
ಲಾಬಿಯ ಗೋಡೆಯಲ್ಲಿರಬೇಕು.

ಮತ್ರಾದ ಸೂಕಿನ ಹಿಂದೆ,
ಖಂಜರಿಗೆ ಬೆಳ್ಳಿತಂತಿ ಸುತ್ತುವವರ ಮಗ್ಗುಲಲ್ಲಿ ನನ್ನ ಮೇಜು.
ಇಪ್ಪತ್ತೊಂದು ವರ್ಷದಿಂದ ಗಾಜು ಕೊಯ್ಯುತ್ತಿದ್ದೇನೆ.
ಮದುವೆ, ಸುಲ್ತಾನ, ಗೆದ್ದ ಒಂಟೆ, ಸತ್ತ ತಂದೆ
ಎಲ್ಲರೂ ಇಲ್ಲಿಗೇ ಬಂದು ಚೌಕವಾಗಿ ಹೋದರು.

ಮೊದಲ ಕಾರ್ಡು, ಬಂದರು.
ನೀರಿಗೆ ಯಾರೋ ಪಾಚಿಹಸಿರು ಬಳಿದಿದ್ದಾರೆ, ಗುಡ್ಡಗಳಿಗೆ ಗುಲಾಬಿ.
ಈ ಕಲ್ಲನ್ನು ಒಮ್ಮೆಯೂ ಮುಟ್ಟದ ಕೈ ಅದು.
ಎಲ್ಲೋ ಚಳಿಯೂರಿನಲ್ಲಿ ಬೆಂಕಿ ಕಾಯಿಸುತ್ತ
ಕಾರ್ಡಿಗಿಷ್ಟು ಎಂದು ಕೂಲಿಗೆ ಬಣ್ಣ ತುಂಬಿರಬೇಕು.
ಜೂನಿನ ಮಧ್ಯಾಹ್ನ ಇದರ ಮೇಲೆ ಬರಿಗಾಲಿಟ್ಟವನ ಬಾಯಲ್ಲಿ
ಗುಲಾಬಿ ಎಂಬ ಮಾತು ಬಾರದು.
ಆದರೂ ತಪ್ಪೆನ್ನಲಾರೆ.
ಮಗ್ರಿಬ್ ಬಾಂಗಿನ ಹೊತ್ತಿಗೆ ಎರಡು ನಿಮಿಷ, ಬರೀ ಎರಡೇ ನಿಮಿಷ,
ಗುಡ್ಡ ಆ ಕೈ ಹೇಳಿದ ಬಣ್ಣಕ್ಕೇ ತಿರುಗುತ್ತದೆ.

ಇನ್ನೊಂದರಲ್ಲಿ ಬಂಡೆಯ ಮೈತುಂಬ ಹಡಗುಗಳ ಹೆಸರು,
ಲಂಗರು ಹಾಕಿದವರು ಹತ್ತಿ, ಬಳಿದು, ಇಳಿದು ಹೋದದ್ದು,
ಶಾಲೆಯ ಬೆಂಚಿಗೆ ನಾವು ಕೈವಾರದಿಂದ ಕೆತ್ತಿದ ಹಾಗೆ.
ಹಡಗುಗಳು ಗುಜರಿಗೆ ಹೋದವು.
ಹೆಸರುಗಳು ಮಾತ್ರ ದಡ ಹತ್ತಿ ಕೂತವು.

ಹೆಬ್ಬಾಗಿಲು.
ರಾತ್ರಿ ನಗಾರಿ ಬಡಿದ ಮೇಲೆ ಲಾಟೀನಿಲ್ಲದೆ
ಯಾರೂ ಬೀದಿಗಿಳಿಯುವಂತಿರಲಿಲ್ಲವಂತೆ.
ಪಕ್ಕದಂಗಡಿಯ ದಾದ್ ಮುರಾದ್ ಚಹಾ ಆರಲು ಬಿಟ್ಟು ಹೇಳುತ್ತಾನೆ:
ಅವನ ಅಜ್ಜಿ ಸೂಲಗಿತ್ತಿ. ಸರಿರಾತ್ರಿ ಕಾವಲಿನವನು ತಡೆದು
‘ಮುಖಕ್ಕೆ ಬೆಳಕು ಹಿಡಿ’ ಎಂದನಂತೆ.
ಇವಳು ಲಾಟೀನನ್ನು ಅವನ ಮುಖಕ್ಕೇ ಎತ್ತಿ
‘ಓ, ನೀನಾ? ತಲೆ ದಪ್ಪ ಅಂತ ಬಹಳ ಸತಾಯಿಸಿದ್ದೆ ಆವತ್ತು’
ಎಂದವಳೇ ಬಾಗಿಲು ದಾಟಿ ಹೋದಳಂತೆ.
ಕಾರ್ಡಿನಲ್ಲಿ ಅವಳಿಲ್ಲ. ಬಾಗಿಲಿದೆ, ಮೊಳೆಗಳಿವೆ, ನಡು ಹಗಲಿದೆ.

ಆಮೇಲೆ ಸುಂಕದ ಕಟ್ಟೆ.
ನನ್ನ ಚಾಕು ನಿಂತದ್ದು ಇಲ್ಲಿ.

ಆ ಕಾಲದ ಕ್ಯಾಮರಾ ರೆಪ್ಪೆ ಮುಚ್ಚಲು ತಡಮಾಡುತ್ತಿತ್ತು.
ಕಾಲ ಮೇಲೆ ಕಾಲು ಹಾಕಿ ಕೂತ ಗುಮಾಸ್ತ ಸ್ಪಷ್ಟ,
ಅವನ ಪೇಟದ ಮಡಿಕೆ ಸ್ಪಷ್ಟ,
ತಕ್ಕಡಿ, ಖರ್ಜೂರದ ಚಾಪೆಮೂಟೆ, ಕಟ್ಟಿಹಾಕಿದ ಕತ್ತೆ
ಒಂದು ಕಿವಿ ಬಿಟ್ಟು ಪೂರ್ತಿ ಸ್ಪಷ್ಟ.
ಹೊತ್ತು ನಡೆದವರೆಲ್ಲ ಹೊಗೆ.
ದೋಣಿಯಿಂದ ಕಟ್ಟೆಯ ತನಕ ಒಂದು ಬೂದು ಗೆರೆ,
ಅಷ್ಟೂ ಜನ ಸೇರಿ.

ಒಬ್ಬ ಮಾತ್ರ, ತಳದ ಅಂಚಿನಲ್ಲಿ,
ಹೆಗಲು ಬದಲಿಸಲೆಂದು ಅರೆಗಳಿಗೆ ನಿಂತಿರಬೇಕು.
ಎರಡು ಪಾದ ಅಚ್ಚೊತ್ತಿದ ಹಾಗೆ ಉಳಿದಿವೆ,
ಬೆರಳು ಎಣಿಸಬಹುದು, ಎಣಿಸಿದೆ, ಎಡಗಾಲಲ್ಲಿ ನಾಲ್ಕೇ.
ಮೊಣಕಾಲಿನ ಮೇಲೆ ಅವನಿಲ್ಲ.

ಗಂಗೊಳ್ಳಿಯ ದಕ್ಕೆಯಲ್ಲಿ ಐಸು ಹೊರುತ್ತಿದ್ದ ನನ್ನ ಚಿಕ್ಕಪ್ಪನದ್ದೂ
ಒಂದೂ ಫೋಟೋ ಇಲ್ಲ.

ಹಿಂದೆ ತಿರುಗಿಸಿದರೆ ಒಂದಾಣೆ ಸ್ಟ್ಯಾಂಪು, ರಾಜನ ಕೆನ್ನೆಗೆ ಮುದ್ರೆ,
ಓರೆ ಅಕ್ಷರದಲ್ಲಿ ಯಾವನೋ ನಾವಿಕ:
ಸೆಕೆ ತಡೆಯಲಾಗದು. ನಾಯಿ ಸತ್ತದ್ದು ತಿಳಿಯಿತು.
ಅದರ ಬಟ್ಟಲು ಎಸೆಯಬೇಡ, ನಾನು ಬರುವವರೆಗೆ.
ಇನ್ನು ಇದು ಎಂದೆಂದಿಗೂ ಗೋಡೆಗೇ ಮುಖ ಮಾಡಿರುತ್ತದೆ.
ಅಂಟು ಹಚ್ಚಲಿಲ್ಲ. ನಾಲ್ಕು ಮೂಲೆಗೆ ಕಾಗದದ ಹಿಡಿ ಮಾಡಿ ಕೂರಿಸಿದೆ.
ಯಾರಾದರೂ ಬಿಚ್ಚಿದರೆ ಬಿಚ್ಚಿಕೊಳ್ಳಲಿ.

ಮೌಂಟು ಚಿತ್ರದ ಮೇಲೆ ಸುತ್ತಲೂ ಮೂರು ಮಿಲಿಮೀಟರ್ ಕೂರಬೇಕು,
ಅದು ಕಸುಬು.
ಆ ಪಾದಗಳಿರುವುದು ಸರಿಯಾಗಿ ಅಷ್ಟರಲ್ಲೇ.

ಸ್ಕೇಲನ್ನು ಕೆಳಕ್ಕೆ ಸರಿಸಿ ಎಳೆದೆ.
ಕಾರ್ಡಿನ ಹರಿದ ಅಂಚು ಈಗ ಕಾಣುತ್ತದೆ, ಒಂದು ಕಂದು ಕಲೆಯೂ.
ಮ್ಯಾನೇಜರು ಕೇಳಿದರೆ
ಕೈ ಜಾರಿತು ಎನ್ನುತ್ತೇನೆ,
ಇಪ್ಪತ್ತೊಂದು ವರ್ಷದಲ್ಲಿ ಇದೇ ಮೊದಲು.